ಅಕೌಂಟಿಗೆ ಯಾರೋ ನುಗ್ಗಿದ ಅನುಮಾನವೇ? ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸ ಅಲ್ಲ

ಮಲೆನಾಡಿನವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಜಿಮೇಲ್‌ನ ಲಾಗಿನ್ ಪಟ್ಟಿಯಲ್ಲಿ ‘ಬೆಂಗಳೂರು’ ಅಂತ ಕಂಡ ಮಾತ್ರಕ್ಕೆ ಯಾರೋ ನುಗ್ಗಿದರು ಅಂತ ತಿಳಿಯಬೇಡಿ. ನೀವು ಕೂತಿರುವುದು ಹೊಸನಗರದ ತೋಟದ ಮನೆಯಲ್ಲೇ ಇರಬಹುದು. ಆದರೆ ನಿಮ್ಮ ಮೊಬೈಲ್ ಇಂಟರ್ನೆಟ್ ಹತ್ತಿರದ ಟವರಿನಿಂದ ಕಂಪನಿಯ ದೊಡ್ಡ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಹೊರಗೆ ಹೊರಡುತ್ತದೆ. ಗೂಗಲ್‌ಗೆ ಕಾಣುವುದು ಆ ಕೇಂದ್ರದ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ. ಅದು ಬೆಂಗಳೂರಿನದ್ದಾಗಿರಬಹುದು, ಕೆಲವೊಮ್ಮೆ ಚೆನ್ನೈ ಅಂತಲೋ ಮುಂಬೈ ಅಂತಲೋ ತೋರಿಸಬಹುದು. ಊರಿನ ಹೆಸರಿಗಿಂತ ಮುಖ್ಯವಾಗಿ ನೋಡಬೇಕಾದ್ದು ಯಾವ ಡಿವೈಸ್, ಯಾವ ಹೊತ್ತು ಅನ್ನುವುದನ್ನು. ಮನೆಯಲ್ಲಿ ಎಲ್ಲರದ್ದೂ ಆಂಡ್ರಾಯ್ಡ್ ಫೋನ್. ಪಟ್ಟಿಯಲ್ಲಿ ವಿಂಡೋಸ್ ಕಂಪ್ಯೂಟರ್, ರಾತ್ರಿ ಎರಡೂವರೆ ಅಂತ ಇದೆ. ಆಗ ಎದ್ದು ಕೂರಬೇಕು.

ಹಾಗೆ ಎದ್ದು ಕೂತ ಮೇಲೂ ಒಂದು ಕ್ಷಣ ನೆನಪು ಮಾಡಿಕೊಳ್ಳಿ. ಹಳೆ ಫೋನನ್ನು ಲಾಗ್ ಔಟ್ ಮಾಡದೆ ಎಕ್ಸ್‌ಚೇಂಜ್‌ಗೆ ಕೊಟ್ಟು ಬಂದಿರಬಹುದು. ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಮೇಲ್ ತೆರೆದಿರಬಹುದು. ‘ಪಾಸ್‌ವರ್ಡ್ ಉಳಿಸಲೇ?’ ಅಂತ ಬ್ರೌಸರ್ ಕೇಳಿದಾಗ ಅವಸರದಲ್ಲಿ ಹೂಂ ಅಂದಿರಬಹುದು. ಪಟ್ಟಿಯಲ್ಲಿ ಗುರುತು ಸಿಗದ ಡಿವೈಸ್‌ಗಳು ಎಷ್ಟೋ ಸಲ ಹೀಗೆ ಸೇರಿಕೊಂಡವು. ಅಲ್ಲಿ ಕಳ್ಳ ಯಾರೂ ಇಲ್ಲ. ಆದರೂ ಅವನ್ನು ತೆಗೆದುಹಾಕಬೇಕು.

ಪಟ್ಟಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ: ಗೂಗಲ್ ಅಕೌಂಟಿನ ಸೆಕ್ಯುರಿಟಿ ಭಾಗದಲ್ಲಿ ‘ನಿಮ್ಮ ಡಿವೈಸ್‌ಗಳು’ ಅಂತ ಇರುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದರೆ ಪುಟದ ತೀರಾ ಕೆಳಗೆ ‘ಡೀಟೇಲ್ಸ್’ ಅಂತ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ವಾಟ್ಸಾಪ್‌ನಲ್ಲಾದರೆ ‘ಲಿಂಕ್ಡ್ ಡಿವೈಸಸ್’. ಎಚ್ಚರಿಕೆಯ ಮೇಲ್ ಬಂದಿದ್ದರೆ ಅದರೊಳಗಿನ ಲಿಂಕ್ ಒತ್ತಬೇಡಿ. ಆ ಇಮೇಲೇ ಮೋಸದ್ದಾಗಿರಬಹುದು. ನೀವೇ ಆ್ಯಪ್ ತೆರೆದು, ನೀವೇ ಒಳಗೆ ಹೋಗಿ ನೋಡಿ. ಎಚ್ಚರಿಕೆ ನಿಜವಾಗಿದ್ದರೆ ಅಲ್ಲೂ ಕಾಣಿಸುತ್ತದೆ.

ಕೇಳದೆ ಬಂದ ಒಟಿಪಿಗಳೆಲ್ಲ ಒಂದೇ ಥರ ಅಲ್ಲ. ವಾಟ್ಸಾಪ್ ನೋಂದಣಿಯ ಆರಂಕಿ ಕೋಡ್ ಬಂತು ಅಂದರೆ ಯಾರೋ ನಿಮ್ಮ ನಂಬರ್ ಟೈಪ್ ಮಾಡಿದ್ದಾರೆ, ಅಷ್ಟೇ. ಒಳಗೆ ಬಂದಿಲ್ಲ. ಕೋಡನ್ನು ಯಾರಿಗೂ ಹೇಳದಿದ್ದರೆ ಮುಗಿಯಿತು. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಕೋಡನ್ನೂ ಕೇಳುವ ವ್ಯವಸ್ಥೆ) ಹಾಕಿಕೊಂಡಿರುವ ಮೇಲ್‌ನ ಲಾಗಿನ್ ಕೋಡ್ ಬಂದರೆ ವಿಷಯ ಬೇರೆ. ಅದು ಸಾಮಾನ್ಯವಾಗಿ ಪಾಸ್‌ವರ್ಡ್ ಸರಿಯಾಗಿ ಹೊಡೆದ ಮೇಲೇ ಹೊರಡುವುದು. ಅಂದರೆ ಪಾಸ್‌ವರ್ಡ್ ಬೇರೆಯವರ ಕೈ ಸೇರಿರುವ ಸಾಧ್ಯತೆ ಜಾಸ್ತಿ. ಅದು ನಿಮ್ಮಿಂದಲೇ ಹೋಗಿರಬೇಕು ಅಂತೇನೂ ಇಲ್ಲ. ಯಾವುದೋ ಶಾಪಿಂಗ್ ಸೈಟಿನಲ್ಲಿ ಅದೇ ಪಾಸ್‌ವರ್ಡ್ ಇಟ್ಟಿದ್ದು, ಆ ಸೈಟಿನ ಮಾಹಿತಿ ಸೋರಿದ್ದರೂ ಸಾಕು. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಅನ್ನುವ ತಾಣದಲ್ಲಿ ಮೇಲ್ ವಿಳಾಸ ಹಾಕಿದರೆ, ಅದು ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಅಂತ ತೋರಿಸುತ್ತದೆ.

ಸರಿ, ಅನುಮಾನ ಗಟ್ಟಿಯಾಯಿತು ಅಂತಿಟ್ಟುಕೊಳ್ಳಿ. ಎಲ್ಲರೂ ಹೇಳುವುದು ಬೇಗ ಪಾಸ್‌ವರ್ಡ್ ಬದಲಿಸಿ ಅಂತ. ಸಲಹೆಯೇನೋ ಸರಿ, ಆದರೆ ಅದರ ಸರದಿ ಆಮೇಲೆ. ಕಳ್ಳ ಅಟ್ಟದ ಮೇಲೆ ಕೂತಿರುವಾಗ ಮುಂಬಾಗಿಲಿಗೆ ಹೊಸ ಬೀಗ ಹಾಕಿದರೆ ಏನು ಬಂತು? ಒಮ್ಮೆ ಲಾಗಿನ್ ಆದ ಮೇಲೆ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ಸರ್ವರ್ ನಿಮ್ಮ ಬ್ರೌಸರಿಗೆ ಟೋಕನ್ ಅನ್ನುವ ಗುರುತೊಂದನ್ನು ಕೊಟ್ಟಿರುತ್ತದೆ. ಅದು ಇರುವವರೆಗೆ ಪಾಸ್‌ವರ್ಡ್ ಬೇಕಿಲ್ಲ. ಪಾಸ್‌ವರ್ಡ್ ಬದಲಾದಾಗ ಕೆಲವು ಸೇವೆಗಳು ಹಳೆ ಟೋಕನ್‌ಗಳನ್ನು ರದ್ದು ಮಾಡುತ್ತವೆ, ಕೆಲವು ಮಾಡುವುದಿಲ್ಲ. ಗೂಗಲ್ ಹೆಚ್ಚಿನವನ್ನು ಹೊರಹಾಕಿದರೂ ಕೆಲವು ಡಿವೈಸ್‌ಗಳನ್ನೂ ಆ್ಯಪ್‌ಗಳನ್ನೂ ಹಾಗೇ ಬಿಡುತ್ತದೆ. ಇನ್ನು ಫೋನಿನೊಳಗೇ ಕೆಟ್ಟ ಆ್ಯಪ್ ಇದ್ದರಂತೂ ಹೊಸ ಪಾಸ್‌ವರ್ಡನ್ನು ನೀವು ಟೈಪ್ ಮಾಡುವಾಗಲೇ ಅದು ಓದಿಕೊಳ್ಳಬಹುದು.

ದುಡ್ಡಿನ ವಿಷಯವಾದರೆ ಮಿಕ್ಕಿದ್ದೆಲ್ಲ ಆಮೇಲೆ

ಬ್ಯಾಂಕ್ ಖಾತೆಯಿಂದ ಒಂದು ರೂಪಾಯಿ ಹೋಗಿದ್ದರೂ ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಿಂದೆ 155260 ಅಂತ ಇತ್ತು, ಹಳೆ ಪೋಸ್ಟರ್‌ಗಳಲ್ಲಿ ಅದೇ ಕಂಡರೆ ಗೊಂದಲ ಬೇಡ. ಯಾರ ಫೋನಿನಿಂದ ಬೇಕಾದರೂ ಮಾಡಬಹುದು. ನಿಮ್ಮದು ಸತ್ತಿದ್ದರೆ ಪಕ್ಕದ ಮನೆಯವರದ್ದು ಕೇಳಿ. ಕಳ್ಳರು ದುಡ್ಡನ್ನು ಒಂದೇ ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸಿ ಕೊನೆಗೆ ಎಟಿಎಂನಲ್ಲಿ ತೆಗೆಯುತ್ತಾರೆ. ನಿಮ್ಮ ದೂರು ದಾಖಲಾದೊಡನೆ ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ದುಡ್ಡು ಅಲ್ಲಿ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ, ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ. ಹಾಗಾಗಿ ನಾಳೆ ಬೆಳಿಗ್ಗೆ ಪೇಟೆಗೆ ಹೋದಾಗ ನೋಡೋಣ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಹೊತ್ತು, ಯುಪಿಐ ಆದರೆ 12 ಅಂಕಿಯ ವಹಿವಾಟು ಸಂಖ್ಯೆ ಕೈಯಲ್ಲಿರಲಿ.

ಜೊತೆಗೇ ಬ್ಯಾಂಕಿಗೂ ತಿಳಿಸಬೇಕು. ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ ಅಂತ ಬಿಡಿಸಿ ಹೇಳಿ. ಕಾರ್ಡ್ ಬ್ಲಾಕ್ ಮಾಡಿದರೆ ಯುಪಿಐ ನಿಲ್ಲುವುದಿಲ್ಲ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿನ ನಂಬರನ್ನು ಮಾತ್ರ ಇಂಟರ್ನೆಟ್‌ನಲ್ಲಿ ಹುಡುಕಬೇಡಿ. ಅಲ್ಲಿ ಮೇಲೆ ಮೇಲೆ ಕಾಣುವ ‘ಕಸ್ಟಮರ್ ಕೇರ್’ ಇನ್ನೊಬ್ಬ ಕಳ್ಳನದ್ದಾಗಿರಬಹುದು. ಕಾರ್ಡಿನ ಹಿಂಭಾಗದಲ್ಲೋ ಪಾಸ್‌ಬುಕ್‌ನಲ್ಲೋ ಅಚ್ಚಾಗಿರುವ ನಂಬರ್ ಸಾಕು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಇದರ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಆಗಿದೆ ಅಂದಾಗ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಜೀರೋ ಬ್ಯಾಲೆನ್ಸಿನ ಮೂಲ ಖಾತೆಯವರದ್ದು 5,000. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ಒಟಿಪಿಯನ್ನೋ ಪಿನ್ನನ್ನೋ ನೀವೇ ಕೊಟ್ಟಿದ್ದರೆ? ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಕೊಟ್ಟುಬಿಟ್ಟೆ, ಇನ್ನೇನು ಮಾಡುವುದು ಅಂತ ನಾಚಿಕೆಯಿಂದ ಸುಮ್ನೆ ಕೂರುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಬಂತು. ಊರಿನ ಸೊಸೈಟಿ ಮಾತ್ರ ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಅಡಿಕೆ ಮಾರಿದ ದುಡ್ಡು ಯಾವ ಖಾತೆಯಲ್ಲಿ ಕೂತಿದೆ ಅನ್ನುವುದರ ಮೇಲೆ ನಿಮಗಿರುವ ರಕ್ಷಣೆಯೂ ಬದಲಾಗುತ್ತದೆ. ನಿಯಮಗಳು ಆಗಾಗ ತಿದ್ದುಪಡಿ ಆಗುವುದರಿಂದ ಬ್ಯಾಂಕಿನಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಯಾವ ಫೋನಿನಲ್ಲಿ ಕೂತು ಸರಿಮಾಡುತ್ತೀರಿ?

ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಇತ್ತೀಚೆಗೆ ಮದುವೆ ಕರೆಯೋಲೆ ಅಂತಲೋ, ಗಾಡಿಯ ದಂಡದ ಚಲನ್ ಅಂತಲೋ, ಪಿಎಂ ಕಿಸಾನ್ ಅಂತಲೋ ಹೆಸರಿಟ್ಟ ಎಪಿಕೆ ಫೈಲುಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಎಪಿಕೆ ಅಂದರೆ ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಒಂದು ಆ್ಯಪ್. ಒತ್ತಿ, ಕೇಳಿದ್ದಕ್ಕೆಲ್ಲ ‘ಅಲೋ’ ಕೊಟ್ಟರೆ ಅದು ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದು, ಬಂದ ಒಟಿಪಿಯನ್ನೆಲ್ಲ ಇನ್ಯಾರಿಗೋ ಕಳಿಸುತ್ತದೆ. ‘ಆಕ್ಸೆಸಿಬಿಲಿಟಿ’ ಅನುಮತಿಯೂ ಸಿಕ್ಕರೆ ತೆರೆಯ ಮೇಲಿರುವುದನ್ನು ಓದುತ್ತದೆ, ನಿಮ್ಮ ಪರವಾಗಿ ಬಟನ್ ಕೂಡ ಒತ್ತುತ್ತದೆ. ನೆಂಟರ ನಂಬರಿನಿಂದಲೇ ಬಂದ ಕರೆಯೋಲೆ ಅಂತ ನಂಬುವಂತಿಲ್ಲ. ಅವರ ಫೋನ್ ಆಗಲೇ ಕೈತಪ್ಪಿರಬಹುದು.

ಇಂಥದ್ದು ಒತ್ತಿದ ನೆನಪಿದ್ದರೆ, ಅಥವಾ ಯಾರೋ ಹೇಳಿದರು ಅಂತ ಎನಿಡೆಸ್ಕ್ ಥರದ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಕೊಂಡಿದ್ದರೆ, ಆ ಫೋನನ್ನು ಮೊದಲು ಫ್ಲೈಟ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ. ಸಿಮ್ ಹೊರತೆಗೆಯಿರಿ. ಸಿಮ್ ಅದರಲ್ಲೇ ಇದ್ದು ನೀವು ಬೇರೆ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ, ಒಟಿಪಿ ಬಂದು ಬೀಳುವುದು ಮತ್ತೆ ಆ ಕೆಟ್ಟ ಆ್ಯಪಿನ ಕೈಗೇ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜನದ್ದೋ ಅಜ್ಜಿಯದ್ದೋ ಒಂದು ಕೀಪ್ಯಾಡ್ ಫೋನ್ ಇನ್ನೂ ಇರುತ್ತದೆ. ಅದು ಈಗ ಬಹಳ ಉಪಯೋಗಕ್ಕೆ ಬರುತ್ತದೆ. ಸಿಮ್ಮನ್ನು ಅದಕ್ಕೆ ಹಾಕಿ. ಒಟಿಪಿ ಅಲ್ಲಿಗೇ ಬರುತ್ತದೆ, ಆ ಎಪಿಕೆ ಅದರೊಳಗೆ ಓಡುವುದಿಲ್ಲ. ಜಿಯೋ ಸಿಮ್ ಆದರೆ ಹಳೆ 2ಜಿ ಸೆಟ್ಟಿನಲ್ಲಿ ನಡೆಯುವುದಿಲ್ಲ, 4ಜಿ ಕೀಪ್ಯಾಡ್ ಸೆಟ್ಟೇ ಬೇಕು. ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಮನೆಯ ಇನ್ನೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಮಾಡಿ. ಕೆಟ್ಟ ಫೋನಿನ ತೆರೆಯ ಮೇಲಿನ ಮೆಸೇಜು, ಆ ಆ್ಯಪಿನ ಹೆಸರು, ಅದು ಬಂದ ನಂಬರ್ ಎಲ್ಲವನ್ನೂ ಇನ್ನೊಂದು ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ದೂರು ಕೊಟ್ಟಾದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಮೊದಲೇ ಅಳಿಸಿಬಿಟ್ಟರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಮೇಲ್: ಅಟ್ಟ ಹತ್ತಿ ನೋಡುವ ಕೆಲಸ

ಉಳಿದ ಅಕೌಂಟುಗಳಿಗಿಂತ ಮೊದಲು ಮೇಲ್ ಸರಿಮಾಡಬೇಕು. ಫೇಸ್‌ಬುಕ್‌ನಿಂದ ಶಾಪಿಂಗ್ ಸೈಟಿನವರೆಗೆ ಎಲ್ಲ ‘ಪಾಸ್‌ವರ್ಡ್ ಮರೆತಿರಾ’ ಲಿಂಕುಗಳೂ ಬರುವುದು ಅಲ್ಲಿಗೇ. ಮೇಲ್ ಕಳ್ಳನ ಕೈಯಲ್ಲಿದ್ದರೆ ಉಳಿದವನ್ನು ನೀವು ಬದಲಿಸುತ್ತಾ ಹೋಗಬಹುದು, ಅವನು ಹಿಂದೆಯೇ ಮತ್ತೆ ಬದಲಿಸುತ್ತಾ ಬರಬಹುದು.

ಒಳಗೆ ಹೋಗಲು ಆದರೆ ಹೊಸ ಪಾಸ್‌ವರ್ಡ್ ಹಾಕಿ, ಪಟ್ಟಿಯಲ್ಲಿರುವ ಗುರುತಿಲ್ಲದ ಡಿವೈಸ್‌ಗಳನ್ನು ಒಂದೊಂದಾಗಿ ಹೊರಹಾಕಿ. ಇಲ್ಲಿಗೇ ನಿಲ್ಲಿಸುವವರು ಬಹಳ ಜನ. ಬುದ್ಧಿವಂತ ಕಳ್ಳ ಮತ್ತೆ ಬರಲು ದಾರಿ ಮಾಡಿಟ್ಟಿರುತ್ತಾನೆ. ಅಕೌಂಟ್ ಕೈತಪ್ಪಿದಾಗ ವಾಪಸ್ ಪಡೆಯಲೆಂದು ಕೊಟ್ಟಿರುವ ರಿಕವರಿ ಫೋನ್ ನಂಬರ್ ಮತ್ತು ರಿಕವರಿ ಮೇಲ್ ನಿಮ್ಮದೇನಾ ನೋಡಿ. ಸೈಬರ್ ಸೆಂಟರಿನಲ್ಲಿ ಮಾಡಿಸಿದ ಮೇಲ್ ಆದರೆ ಅಲ್ಲಿನ ಹುಡುಗನ ನಂಬರೇ ಇರಬಹುದು. ಅವನೇನೂ ಮೋಸ ಮಾಡಿರುವುದಿಲ್ಲ, ಅವತ್ತು ನಿಮ್ಮ ಫೋನಿಗೆ ಸಿಗ್ನಲ್ ಇರಲಿಲ್ಲ, ಅಷ್ಟೇ. ಆದರೆ ಅದನ್ನು ಬದಲಿಸಿ. ಎರಡನೇ ಹಂತದ ಪಟ್ಟಿಯಲ್ಲಿ ನಿಮ್ಮದಲ್ಲದ ಪಾಸ್‌ಕೀ (ಪಾಸ್‌ವರ್ಡ್ ಇಲ್ಲದೆ ಒಳಹೋಗುವ ಕೀಲಿ), ಅಥೆಂಟಿಕೇಟರ್ (ಕೋಡ್ ಕೊಡುವ ಆ್ಯಪ್), ಆ್ಯಪ್ ಪಾಸ್‌ವರ್ಡ್ (ಹೊರಗಿನ ಆ್ಯಪ್‌ಗೆಂದು ಕೊಟ್ಟ ಬೇರೆ ಪಾಸ್‌ವರ್ಡ್) ಇದೆಯಾ ನೋಡಿ. ಅಕೌಂಟಿಗೆ ಜೋಡಿಸಿರುವ ಹೊರಗಿನ ಆ್ಯಪ್‌ಗಳನ್ನೂ ನೋಡಿ.

ಆಮೇಲೆ ಜಿಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ತೆರೆಯಿರಿ. ಇವು ಮೊಬೈಲ್ ಆ್ಯಪಿನಲ್ಲಿ ಸಿಗುವುದಿಲ್ಲ, ಕಂಪ್ಯೂಟರಿನಲ್ಲಿ ನೋಡಬೇಕು. ‘ಬ್ಯಾಂಕ್ ಅನ್ನುವ ಪದ ಇರುವ ಮೇಲ್ ಬಂದರೆ ನೇರ ಕಸದ ಬುಟ್ಟಿಗೆ’ ಅಂತ ಒಂದು ಫಿಲ್ಟರ್ ಇಟ್ಟರೆ ಸಾಕು, ಎಚ್ಚರಿಕೆಯ ಮೇಲ್‌ಗಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಬಂದ ಮೇಲ್‌ಗಳೆಲ್ಲ ಇನ್ನೊಂದು ವಿಳಾಸಕ್ಕೂ ಹೋಗುವಂತೆ ಇಟ್ಟಿದ್ದರೆ, ಪಾಸ್‌ವರ್ಡ್ ಹತ್ತು ಸಲ ಬದಲಿಸಿದರೂ ಅವನಿಗೆ ಓದಲು ಸಿಗುತ್ತಲೇ ಇರುತ್ತದೆ.

ಒಳಗೆ ಹೋಗಲೇ ಆಗುತ್ತಿಲ್ಲವೇ? ಹಾಗಾದರೆ ಶಿವಮೊಗ್ಗದ ಬಸ್ಸು ಹತ್ತಿ ಸೈಬರ್ ಸೆಂಟರಿಗೆ ಓಡಬೇಡಿ. ಗೂಗಲ್‌ನ ರಿಕವರಿ ಪುಟ ನೀವೇ ಹೌದಾ ಅಂತ ಅಳೆಯುವಾಗ ನೀವು ಯಾವಾಗಲೂ ಬಳಸುವ ಡಿವೈಸ್, ಯಾವಾಗಲೂ ಲಾಗಿನ್ ಆಗುವ ಜಾಗ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೊಸ ಊರಿನ ಹೊಸ ಕಂಪ್ಯೂಟರಿನಲ್ಲಿ ಕೂತರೆ ನೀವೇ ಕಳ್ಳನ ಥರ ಕಾಣುತ್ತೀರಿ. ಮನೆಯ ವೈಫೈನಲ್ಲಿ, ಮೊದಲು ಲಾಗಿನ್ ಆಗಿದ್ದ ಸರಿಯಿರುವ ಡಿವೈಸ್‌ನಲ್ಲಿ ಪ್ರಯತ್ನಿಸಿ. ಹಳೆ ಪಾಸ್‌ವರ್ಡ್ ನೆನಪಿದ್ದರೆ ಅದನ್ನೂ ಕೊಡಿ. ಕಳ್ಳ ರಿಕವರಿ ನಂಬರ್ ಬದಲಿಸಿದ್ದರೂ ಸುಮಾರು 7 ದಿನ ನಿಮ್ಮ ಹಳೆ ನಂಬರಿಗೆ ಕೋಡ್ ಪಡೆಯುವ ಅವಕಾಶ ಇರುತ್ತದೆ. ಆ ವಾರ ಕಳೆದುಹೋಗಲು ಬಿಡಬೇಡಿ.

ಟವರ್ ಹೋಗಿದೆಯಾ, ಸಿಮ್ ಹೋಗಿದೆಯಾ?

ಬೇರೆ ಕಡೆಯವರಿಗಿಂತ ಮಲೆನಾಡಿನವರು ಹೆಚ್ಚು ಮೋಸಹೋಗಬಹುದಾದ ಜಾಗ ಇದು. ಮೈಸೂರಿನವರ ಫೋನಿನಲ್ಲಿ ಎರಡು ತಾಸು ಸಿಗ್ನಲ್ ಇಲ್ಲದಿದ್ದರೆ ಏನೋ ಆಗಿದೆ ಅಂದುಕೊಳ್ಳುತ್ತಾರೆ. ಆಗುಂಬೆ ಕಡೆಯವರು ಎರಡು ದಿನ ಇಲ್ಲದಿದ್ದರೂ ಮಳೆ, ಕರೆಂಟಿಲ್ಲ, ಟವರಿನ ಬ್ಯಾಟರಿ ಸತ್ತಿರಬೇಕು ಅಂತ ಸುಮ್ಮನಿರುತ್ತಾರೆ. ನಿಮ್ಮ ಹೆಸರಿನಲ್ಲಿ ಯಾರೋ ಬದಲಿ ಸಿಮ್ ತೆಗೆದಿದ್ದರೂ ಲಕ್ಷಣ ಇದೇ: ನಿಮ್ಮ ಸಿಮ್ಮಿಗೆ ಸಿಗ್ನಲ್ ಇರುವುದಿಲ್ಲ. ಗೊತ್ತುಮಾಡಿಕೊಳ್ಳುವುದು ಸುಲಭ. ಅದೇ ಕಂಪನಿಯ ಸಿಮ್ ಇರುವ ಪಕ್ಕದವರಿಗೆ ಸಿಗ್ನಲ್ ಇದೆಯಾ ನೋಡಿ. ಅವರಿಗಿದ್ದು ನಿಮಗಿಲ್ಲ, ಫೋನ್ ಆರಿಸಿ ಹಾಕಿದರೂ ಬರಲಿಲ್ಲ ಅಂದರೆ ಅವರ ಫೋನಿನಿಂದಲೇ ಕಂಪನಿಗೆ ಕರೆ ಮಾಡಿ. ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಅದಕ್ಕೆ ಎಸ್ಸೆಮ್ಮೆಸ್ ಬಾರದಂತೆ ತಡೆಯಬೇಕು ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದೆ. ನಿಮಗೆ ಸಿಗುವ ಬಿಡುವು ಆ ಒಂದು ದಿನ.

ಕರೆಗಳು ಬೇರೆ ನಂಬರಿಗೆ ತಿರುಗಿವೆಯಾ ಅನ್ನುವುದನ್ನೂ ನೋಡಿ. ಕೊರಿಯರ್‌ನವನು ಅಂತ ಹೇಳಿಕೊಂಡು, ಸ್ಟಾರ್‌ನಿಂದ ಶುರುವಾಗುವ ಒಂದು ಕೋಡ್ ಒತ್ತಿಸಿ, ನಿಮ್ಮ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುವವರಿದ್ದಾರೆ. ಕರೆಯಲ್ಲಿ ಬರುವ ಒಟಿಪಿ ಆಗ ಅವರ ಕಿವಿಗೆ ಬೀಳುತ್ತದೆ. *#21# ಒತ್ತಿದರೆ ಈಗಿನ ಸ್ಥಿತಿ ತೋರಿಸುತ್ತದೆ, ##002# ಒತ್ತಿದರೆ ಎಲ್ಲ ತಿರುವೂ ರದ್ದಾಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅನ್ನುವುದನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನಿಮ್ಮದಲ್ಲದ್ದನ್ನು ಅಲ್ಲೇ ಗುರುತುಮಾಡಿ ತೆಗೆಸಬಹುದು.

ವಾಟ್ಸಾಪ್ ಕೈತಪ್ಪಿದ್ದರೆ ನಿಮ್ಮ ಫೋನಿನಲ್ಲಿ ಮತ್ತೆ ನಿಮ್ಮ ನಂಬರ್ ಹಾಕಿ, ಎಸ್ಸೆಮ್ಮೆಸ್ ಕೋಡ್ ಕೊಟ್ಟು ನೋಂದಾಯಿಸಿ. ಕಳ್ಳ ತಾನಾಗಿ ಹೊರಬೀಳುತ್ತಾನೆ. ಅವನು ಎರಡನೇ ಹಂತದ ಪಿನ್ ಇಟ್ಟಿದ್ದರೆ ನೀವು 7 ದಿನ ಕಾಯಬೇಕು. ಆದರೆ ಕೋಡ್ ಕೊಟ್ಟ ಕೂಡಲೇ ಅವನಂತೂ ಹೊರಗೆ, ಹಾಗಾಗಿ ಪಿನ್ ಗೊತ್ತಿಲ್ಲ ಅಂತ ಕೋಡ್ ಹಾಕುವುದನ್ನೇ ಬಿಡಬೇಡಿ. ಇಷ್ಟರಲ್ಲಿ ಅವನು ಮನೆಯವರ ಗುಂಪಿನಲ್ಲಿ ‘ಅರ್ಜೆಂಟಾಗಿ ದುಡ್ಡು ಬೇಕಿತ್ತು, ಸಂಜೆ ಕೊಡುತ್ತೇನೆ’ ಅಂತ ಬರೆದಿರುತ್ತಾನೆ. ದೊಡ್ಡಮ್ಮ, ಚಿಕ್ಕಪ್ಪ, ಭಾವ ಯಾರಿಗೆ ನಿಮ್ಮ ಮೇಲೆ ನಂಬಿಕೆ ಜಾಸ್ತಿಯೋ ಅವರಿಗೆ ಮೊದಲು ಫೋನ್ ಮಾಡಿ ಹೇಳಿ. ಮೆಸೇಜ್ ಬೇಡ, ದನಿ ಕೇಳಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹ್ಯಾಕ್ ಆದವರಿಗಾಗಿಯೇ ಸಹಾಯದ ಪುಟಗಳಿವೆ. ‘ನಿಮ್ಮ ಅಕೌಂಟ್ ವಾಪಸ್ ತೆಗೆಸಿಕೊಡುತ್ತೇವೆ, ಇಷ್ಟು ಫೀಸು’ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಹಾಗೆ ಮಾಡಿಕೊಡುವ ದಾರಿ ಹೊರಗಿನವರಿಗೆ ಇಲ್ಲ.

ದೂರು

ದುಡ್ಡು ಹೋಗದಿದ್ದರೂ ದೂರು ಕೊಡುವುದು ಒಳ್ಳೆಯದು. ನಿಮ್ಮ ಅಕೌಂಟಿನಿಂದ ಇನ್ಯಾರಿಗೋ ಮೋಸ ಮಾಡಿದ್ದರೆ, ಇಂಥ ದಿನದಿಂದ ಅದು ನಿಮ್ಮ ಕೈಯಲ್ಲಿರಲಿಲ್ಲ ಅನ್ನುವುದಕ್ಕೆ ಅದೇ ದಾಖಲೆ. cybercrime.gov.in ತಾಣದಲ್ಲಿ ಮನೆಯಿಂದಲೇ ಕೊಡಬಹುದು. ನೇರವಾಗಿ ಹೋಗುವುದಾದರೆ ಶಿವಮೊಗ್ಗದಲ್ಲಿ ಸಿಇಎನ್ ಠಾಣೆ ಇದೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಠಾಣೆ ಅದು. ಊರಿನ ಠಾಣೆಯಲ್ಲಿ ‘ಅಲ್ಲಿಗೇ ಹೋಗಿ’ ಅಂದರೆ ಅದಕ್ಕೊಂದು ಕಾರಣವೂ ಇದೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಈ ಕಾಯ್ದೆಯ ಪ್ರಕರಣ ತನಿಖೆ ಮಾಡುವಂತಿಲ್ಲ. ಆದರೆ ದೂರು ದಾಖಲಿಸಿಕೊಳ್ಳುವುದು ಬೇರೆ, ತನಿಖೆ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಲು ಅವಕಾಶ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಬೇರೆಯವರ ಪಾಸ್‌ವರ್ಡ್ ಬಳಸುವುದು ಸೆಕ್ಷನ್ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡುವುದು 66ಡಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಇಷ್ಟಾದ ಮೇಲೆ ಪಾಸ್‌ವರ್ಡ್ ವಿಷಯ. ಒಂದೊಂದು ಅಕೌಂಟಿಗೆ ಒಂದೊಂದು ಇರಲಿ. ನೆನಪಿಡಲು ಆಗದಿದ್ದರೆ ಅವನ್ನು ಜೋಪಾನವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಬಳಸಿ. ಅದು ರಗಳೆ ಅನ್ನುವ ಹಿರಿಯರು ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಡಲಿ. ಬರೆದಿಡಲೇಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲಿಯೋ ಕೂತ ಕಳ್ಳ ಸಾಗರದ ಮನೆಯ ಬೀರು ತೆಗೆಯಲಾರ, ಆದರೆ ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟರೆ ಒಂದು ಸೋರಿಕೆಯಲ್ಲಿ ಎಲ್ಲವೂ ಹೋಗುತ್ತವೆ.

ಎರಡನೇ ಹಂತಕ್ಕೆ ಎಸ್ಸೆಮ್ಮೆಸ್ ಬದಲು ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಅದು 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡನ್ನು ಫೋನಿನ ಗಡಿಯಾರ ನೋಡಿ ತಾನೇ ಲೆಕ್ಕ ಹಾಕುತ್ತದೆ. ಸಿಗ್ನಲ್ಲೇ ಬೇಕಿಲ್ಲ, ಒಟಿಪಿಗಾಗಿ ಗುಡ್ಡ ಹತ್ತುವುದೂ ತಪ್ಪುತ್ತದೆ. ಫೋನಿನ ಸಮಯ ಆಟೊಮ್ಯಾಟಿಕ್‌ನಲ್ಲಿ ಇರಬೇಕು ಅಷ್ಟೇ. ಫೋನೇ ಕಳೆದುಹೋದರೆ ಅಂತ ಗೂಗಲ್ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಅವನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಮೊದಲೇ ತೆಗೆದಿಟ್ಟಿದ್ದರೆ ಕಳ್ಳ ಒಳಗಿದ್ದಾಗ ಅವನ್ನೂ ನೋಡಿರಬಹುದು. ಹೊಸ ಹತ್ತು ತೆಗೆಯಿರಿ, ಹಳೆಯವು ಆ ಕ್ಷಣಕ್ಕೇ ರದ್ದಾಗುತ್ತವೆ.